ಎರಡಕ್ಕೂ ಮೂರಕ್ಕೂ ನಡುವೆ

“ಮೀಟರ್ ನೂರು ತೋರಿಸ್ತು ಭಾವ, ನೂರು! ಹೋದ ವಾರ ತೊಂಬತ್ತೈದು ದಾಟಿರ್ಲಿಲ್ಲ. ಅಕ್ಕನ ಮುಖ ನೋಡಿ, ಹರಳೆಣ್ಣೆ ಕುಡಿದೋಳ ಥರ ನಿಂತಿದ್ದಾಳೆ.”

ನಾದಿನಿ ಹೆಲ್ಮೆಟ್ಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಪುಟ್ಟ ಕಾರಿನಿಂದ ಇಳಿದಳು. ಬೆಟ್ಟದ ನೆತ್ತಿಯ ಮೇಲೆ ಗಾಳಿ ಜೋರಾಗಿತ್ತು. ಕಾರಿನ ಬ್ರೇಕು ಸುಟ್ಟ ವಾಸನೆ ಮೂಗಿಗೆ ಬಡಿದು ಹೋಯಿತು. ಭಾವನಿಗೆ ಆಗಲೇ ನಗು ಕಿವಿಯವರೆಗೆ ಬಂದಿತ್ತು. ಅವನ ಹೆಂಡತಿ ಮಾತ್ರ ಶಾಲೆಯಿಂದ ತಂದಿದ್ದ ಸ್ಟಾಪ್‌ವಾಚನ್ನು ಒಮ್ಮೆ ನೋಡಿದಳು, ಕಿವಿಗೆ ಹಿಡಿದು ಟಿಕ್ ಟಿಕ್ ಕೇಳಿದಳು, ಮತ್ತೆ ನೋಡಿದಳು.

“ಎರಡು ನಿಮಿಷ, ಆರು ಸೆಕೆಂಡು,” ಅಂದಳು.

“ಹೋದ ವಾರ ಎಷ್ಟಿತ್ತು?”

“ಎರಡು ನಿಮಿಷ ಮೂರು. ನೀವು ಕಾರಿಗೆ ಹೊಸ ಹಲ್ಲು ಕಟ್ಟಿಸಿದ್ಮೇಲೆ ಮೂರು ಸೆಕೆಂಡು ಜಾಸ್ತೀನೇ ಆಗಿದೆ ಕಣ್ರೀ.”

“ನೀನು ವಾಚ್ ಒತ್ತೋದು ತಡ ಮಾಡಿದ್ದೀಯ.”

“ಇಪ್ಪತ್ತು ವರ್ಷದಿಂದ ಮಕ್ಕಳ ಓಟಕ್ಕೆ ವಾಚ್ ಒತ್ತಿದ್ದೀನಿ. ಅರ್ಧ ಸೆಕೆಂಡಿಗೆ ಅಳೋ ಮಕ್ಕಳನ್ನ ನೋಡಿದ್ದೀನಿ, ಅದಕ್ಕೇ ಕಾಲು ಕೆರ್ಕೊಂಡು ಬರೋ ಅಪ್ಪಂದಿರನ್ನೂ ನೋಡಿದ್ದೀನಿ. ಈ ಹೆಬ್ಬೆರಳಿನ ಮೇಲೆ ಅನುಮಾನ ಪಟ್ಟೋರು ಯಾರೂ ಉದ್ಧಾರ ಆಗಿಲ್ಲ.”

ಪಿ.ಟಿ. ಟೀಚರನ್ನು ಮದುವೆಯಾದವನು ಮೊದಲು ಕಲಿಯುವ ಪಾಠವೇ ಅದು.

ಅವನಿಗೆ ನಾದಿನಿ ಒಬ್ಬಳೇ ಇದ್ದರೂ ಅವನು ಬೀದಿಗೆಲ್ಲ ಭಾವ. ಇವಳು ಶೆಡ್ಡಿನ ಬಾಗಿಲಲ್ಲಿ ನಿಂತು “ಭಾವಾ” ಎಂದು ಕೂಗುವುದನ್ನು ಕೇಳಿ ಕೇಳಿ, ಸ್ಕೂಟರ್ ರಿಪೇರಿಗೆ ಬರುವ ಎಪ್ಪತ್ತರ ಮುದುಕರೂ ಹಾಗೆಯೇ ಕರೆಯುತ್ತಿದ್ದರು. ಬಸ್ ಡಿಪೋದ ಗೇರ್‌ಬಾಕ್ಸ್ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ಕೆಲಸ ಮಾಡಿ, ಈಗ ಮನೆಯ ಪಕ್ಕದಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದ. ಕಣ್ಣಿಗೆ ಬಟ್ಟೆ ಕಟ್ಟಿದರೂ ಗೇರ್‌ಬಾಕ್ಸ್ ಬಿಚ್ಚಿ ಜೋಡಿಸಬಲ್ಲ ಎಂದು ಅವನ ಬಗ್ಗೆ ಮಾತಿತ್ತು. ಆ ಮಾತನ್ನು ಹಬ್ಬಿಸಿದವನೂ ಅವನೇ.

ನಾದಿನಿಯದು ಡ್ರೈವಿಂಗ್ ಶಾಲೆಯಲ್ಲಿ ಪಾಠ ಹೇಳುವ ಕೆಲಸ. ವಾರವೆಲ್ಲ ಪಕ್ಕದ ಸೀಟಿನಲ್ಲಿ ಕುಳಿತು “ನಿಧಾನ, ನಿಧಾನ, ಕ್ಲಚ್ ಬಿಡಿ, ಅಯ್ಯೋ ಬಿಡಬೇಡಿ” ಎನ್ನುವವಳು ಭಾನುವಾರ ಬಂದರೆ ಬೆಟ್ಟ ಹತ್ತುವ ಓಟಕ್ಕೆ ಅಭ್ಯಾಸ ಮಾಡುತ್ತಿದ್ದಳು. ಕಾರಿನ ಎಂಜಿನ್ನನ್ನು ಹುರಿಗೊಳಿಸಿದ್ದೂ ಅವಳೇ. ಎರಡು ಕಾರ್ಬುರೇಟರ್ ಕೂರಿಸಿ, ಕವಾಟಗಳನ್ನು ಎತ್ತುವ ದಂಡವನ್ನೂ ಬದಲಾಯಿಸಿ ಅದಕ್ಕೊಂದು ವಿಚಿತ್ರ ಸ್ವಭಾವ ತಂದಿಟ್ಟಿದ್ದಳು. ನಿಮಿಷಕ್ಕೆ ನಾಲ್ಕೂವರೆ ಸಾವಿರ ಸುತ್ತಿನ ಕೆಳಗೆ ಆ ಎಂಜಿನ್ನು ಕುಂಭಕರ್ಣ. ಮೇಲೆ ಹೋಯಿತೋ, ಹಿಡಿದು ಕಟ್ಟಲಾಗದ ಕರು.

ಓಟ ನಡೆಸುವ ಕ್ಲಬ್ಬಿನ ನಿಯಮ ಮೂರೇ ಅವಕಾಶದ್ದು. ಹೊಸಬರಿಗೆ ಮೂರು ವರ್ಷ ಆಯ್ಕೆ ಓಟ. ಅಷ್ಟರಲ್ಲಿ ಎರಡು ನಿಮಿಷದ ಒಳಗೆ ಬೆಟ್ಟ ಹತ್ತದಿದ್ದರೆ ಆ ಜಾಗ ಪಟ್ಟಿಯಲ್ಲಿ ಕಾಯುತ್ತಿರುವ ಮುಂದಿನವರಿಗೆ. ಪಟ್ಟಿಯೋ ಹನುಮಂತನ ಬಾಲ. ಮೊದಲ ವರ್ಷ ಓಟದ ನಡುವೆಯೇ ಮೂರನೇ ಗೇರು ತಾನಾಗಿ ಕಳಚಿಕೊಂಡು ಬಂದಿತ್ತು. ಅದು ಭಾವ ಜೋಡಿಸಿದ ಗೇರ್‌ಬಾಕ್ಸು. ನಾದಿನಿ ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಎಷ್ಟೋ ಸಲ ಅನ್ನಿಸಿದ್ದುಂಟು. ಎರಡನೇ ವರ್ಷ ನಾಲ್ಕು ಸೆಕೆಂಡಿನಲ್ಲಿ ತಪ್ಪಿತು. ಮೂರನೆಯ ಮತ್ತು ಕೊನೆಯ ಓಟಕ್ಕೆ ಈಗ ಒಂದೇ ವಾರ ಉಳಿದಿತ್ತು.

ಅದಕ್ಕೇ ಅವನು ಕ್ರೌನ್ ಬದಲಾಯಿಸಿದ್ದು. ಹಿಂದಿನ ಆಕ್ಸಲ್ಲಿನ ಒಳಗೆ ಕುಳಿತು ಚಕ್ರಗಳನ್ನು ತಿರುಗಿಸುವ ದೊಡ್ಡ ಹಲ್ಲುಚಕ್ರ ಅದು. ಹಳೆಯದಕ್ಕೆ ಮೂವತ್ತೊಂಬತ್ತು ಹಲ್ಲು, ಹೊಸದಕ್ಕೆ ನಲವತ್ಮೂರು. ಹಲ್ಲು ಹೆಚ್ಚಾದಷ್ಟೂ ಎಳೆತ ಹೆಚ್ಚು ಎಂದು ಕಾರಿನ ಗಂಧ ಗೊತ್ತಿದ್ದವರೆಲ್ಲ ಹೇಳಿದ್ದರು.

“ಮೀಟರ್ ಮುಂದೆ ಓಡುತ್ತೆ, ವಾಚ್ ಹಿಂದೆ ಓಡುತ್ತೆ,” ಎಂದು ಭಾವ ತಲೆ ಕೆರೆದುಕೊಂಡ. “ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳ್ತಿದ್ದಾರೆ.”

“ನನ್ನ ಮುಖ ಯಾಕೆ ನೋಡ್ತೀರಿ?” ಅಂದಳು ಹೆಂಡತಿ.

“ಇನ್ನೊಂದು ವಿಷಯ ಭಾವ,” ನಾದಿನಿ ನಡುವೆ ಬಾಯಿ ಹಾಕಿದಳು. “ಸುತ್ತು ತೋರಿಸೋ ಸೂಜಿ ಮೊದಲಿನ ಹಾಗೇ ಬೀಳುತ್ತೆ. ಎರಡನೇ ಗೇರಲ್ಲಿ ಆರೂವರೆ ಸಾವಿರಕ್ಕೆ ತಂದು ಮೂರಕ್ಕೆ ಹಾಕಿದ್ರೆ, ದೊಪ್ ಅಂತ ನಾಲ್ಕು ಸಾವಿರಕ್ಕೆ.”

“ಅದಾಮೇಲೆ ನೋಡೋಣ. ಮೊದ್ಲು ಈ ಸುಳ್ಳುಗಾರನ್ನ ಹಿಡೀಬೇಕು.”

ಒಂದು ಪ್ರಶ್ನೆ ತಲೆಗೆ ಹೊಕ್ಕರೆ ಭಾವನಿಗೆ ಊಟವೂ ರುಚಿಸುತ್ತಿರಲಿಲ್ಲ. ಮನೆಗೆ ಮರಳುವ ದಾರಿಯಲ್ಲೇ ರೈಲು ಹಳಿಯ ಪಕ್ಕದ ನೇರ ರಸ್ತೆಯಲ್ಲಿ ಕಾರು ನಿಲ್ಲಿಸಲು ನಾದಿನಿಗೆ ಹೇಳಿದ. ಅಲ್ಲಿ ಕಿಲೋಮೀಟರ್ ಕಲ್ಲುಗಳು ಇನ್ನೂ ನೆಟ್ಟಗೆ ನಿಂತಿದ್ದವು.

“ಮೀಟರಲ್ಲಿ ಸರಿಯಾಗಿ ಅರವತ್ತು ಹಿಡಿ. ಈ ಕಲ್ಲಿಂದ ಆ ಕಲ್ಲಿಗೆ. ಅರವತ್ತಾದ್ರೆ ಕಿಲೋಮೀಟರಿಗೆ ಒಂದು ನಿಮಿಷ ಹಿಡೀಬೇಕು, ಕೂದಲೆಳೆ ಹೆಚ್ಚಿಲ್ಲ, ಕಮ್ಮಿ ಇಲ್ಲ.”

“ಇದು ನಮ್ಮ ಐದನೇ ಕ್ಲಾಸಿನ ಲೆಕ್ಕ,” ಅಂದಳು ಹೆಂಡತಿ, ಹಿಂದಿನ ಸೀಟಿನಲ್ಲಿ ಮೊಣಕಾಲು ಮಡಚಿಕೊಂಡು.

ಮೊದಲ ಸಲ ಅರವತ್ತಾರು ಸೆಕೆಂಡು. ವಾಪಸು ಬರುವಾಗಲೂ ಅರವತ್ತಾರು. ಮೂರನೆಯ ಸಲ ಭಾವ ತಾನೇ ವಾಚ್ ಇಸಿದುಕೊಂಡು ಒತ್ತಿದ. ಅರವತ್ತಾರು.

ಹೆಂಡತಿ ಹೆಬ್ಬೆರಳನ್ನು ಎತ್ತಿ ಅವನ ಮೂಗಿನ ಮುಂದೆ ಹಿಡಿದಳು.

“ಅಂದ್ರೆ ನೂರು ಅಂತ ನಾನು ಕುಣಿದಿದ್ದು…” ನಾದಿನಿ ಸ್ಟಿಯರಿಂಗ್ ಮೇಲೆ ಬೆರಳಿನಿಂದ ಲೆಕ್ಕ ಬರೆದಳು. “ತೊಂಬತ್ತೊಂದೂ ಇರ್ಲಿಲ್ಲ! ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು.”

ಭಾವ ಅಂಗಿಯ ಜೇಬಿನಿಂದ ಸೀಸದಕಡ್ಡಿ ತೆಗೆದು, ಹಳೆಯ ಲಕೋಟೆಯ ಹಿಂಬದಿಯಲ್ಲಿ ಅರವತ್ತಾರನ್ನು ಅರವತ್ತರಿಂದ ಭಾಗಿಸಿದ. ಆಮೇಲೆ ನಲವತ್ಮೂರನ್ನು ಮೂವತ್ತೊಂಬತ್ತರಿಂದ. ಎರಡೂ ಒಂದೇ ಉತ್ತರ: ಒಂದು ಬಿಂದು ಒಂದು. ಲಕೋಟೆಯನ್ನು ತಿರುಗಿಸಿ ಮುರುಗಿಸಿ ನೋಡಿದ. ಬೆವರು ಒರೆಸಿಕೊಂಡು ರಸ್ತೆಬದಿಯಲ್ಲೇ ಅಂಗಾತ ಮಲಗಿ ಕಾರಿನಡಿಗೆ ತೂರಿದ.

“ರೀ, ಬಿಳಿ ಅಂಗಿ!” ಎಂದು ಹೆಂಡತಿ ಕೂಗುವಷ್ಟರಲ್ಲಿ ಅದು ಬಿಳಿಯಾಗಿ ಉಳಿದಿರಲಿಲ್ಲ.

ಮೀಟರಿನ ಕೇಬಲ್ಲು ಗೇರ್‌ಬಾಕ್ಸಿನ ಬಾಲದಿಂದ ಹೊರಟಿತ್ತು. ಕ್ರೌನ್ ಇರುವುದು ಅದರ ಆಚೆ, ಹಿಂದಿನ ಆಕ್ಸಲ್ಲಿನಲ್ಲಿ. ಆಚೆ ಏನು ಬದಲಾದರೂ ಈಚೆಯ ಮೀಟರಿಗೆ ಸುದ್ದಿಯೇ ಇಲ್ಲ. ಅದು ತನ್ನ ಪಾಡಿಗೆ ಹಳೆಯ ಲೆಕ್ಕವನ್ನೇ ಒಪ್ಪಿಸುತ್ತಿತ್ತು.

“ಇಪ್ಪತ್ತೆಂಟು ವರ್ಷ!” ಎಂದು ಕಾರಿನಡಿಯಿಂದ ದನಿ ಬಂತು. “ಇಪ್ಪತ್ತೆಂಟು ವರ್ಷ ಇದೇ ಕೆಲಸ!”

“ಏನಾಯ್ತು ಭಾವ?”

“ಡಿಪೋದಲ್ಲಿ ನಡುವೆ ಒಂದು ಗೋಡೆ ಇತ್ತು. ಈಚೆ ನಮ್ಮ ಗೇರ್‌ಬಾಕ್ಸ್, ಆಚೆ ಕ್ರೌನು. ಆಚೆಯೋರು ಕ್ರೌನ್ ಬದಲಾಯಿಸಿದಾಗೆಲ್ಲ ಒಂದು ಚೀಟಿ ಬರೆದು ಮೀಟರ್‌ನವನಿಗೆ ಕಳಿಸೋರು. ಅವನೇನೋ ಪುಟ್ಟ ಪ್ಲಾಸ್ಟಿಕ್ ಚಕ್ರ ಬದಲಾಯಿಸೋನು. ಆ ಚೀಟಿ ನನ್ನ ಮೇಜಿನ ಮುಂದೇನೇ ಹಾದು ಹೋಗೋದು, ದಿನಾ. ಏನಯ್ಯಾ ಅದು ಅಂತ ಒಂದಿನ ಕೇಳಿದ್ನಾ? ಇಲ್ಲ. ಆಚೆಯೋರ ಕೆಲಸ ನಮಗ್ಯಾಕೆ ಅಂತ!”

“ಇನ್ನಾದ್ರೂ ಹೊರಗೆ ಬನ್ನಿ,” ಅಂದಳು ಹೆಂಡತಿ. “ಲಾರಿ ಬರ್ತಿದೆ.”

ಸುಳ್ಳುಗಾರ ಸಿಕ್ಕಿಬಿದ್ದ, ಸರಿ. ಆದರೆ ಆರು ಸೆಕೆಂಡು ಹಾಗೆಯೇ ಉಳಿದಿತ್ತು. ಎಳೆತ ಹೆಚ್ಚಾದ ಕಾರು ನಿಧಾನವಾದದ್ದು ಹೇಗೆ? ಮರುದಿನ ಬೆಳಿಗ್ಗೆ ಶೆಡ್ಡಿನಲ್ಲಿ ಭಾವ ಬೆಟ್ಟದ ರಸ್ತೆಯನ್ನು ಸೀಮೆಸುಣ್ಣದಿಂದ ನೆಲದ ಮೇಲೆ ಬರೆದ. ಹನ್ನೊಂದು ತಿರುವು, ನೀರಿನ ಟ್ಯಾಂಕಿನ ಹತ್ತಿರ ಒಂದೇ ಒಂದು ನೇರ ದಾರಿ.

“ಎಲ್ಲೆಲ್ಲಿ ಎರಡರಿಂದ ಮೂರಕ್ಕೆ ಹಾಕ್ತೀಯ, ಕಾಲಿಟ್ಟು ತೋರ್ಸು.”

ನಾದಿನಿ ಚಪ್ಪಲಿ ಬಿಟ್ಟು ಗೆರೆಯ ಮೇಲೆ ನಡೆದಳು. “ಇಲ್ಲಿ. ಇಲ್ಲಿ. ಟ್ಯಾಂಕಿನ ಹತ್ರ. ಈಗ ನಿಮ್ಮ ಹೊಸ ಕ್ರೌನ್ ಬಂದ್ಮೇಲೆ ಇಲ್ಲೂ, ಇಲ್ಲೂ. ಮೊದ್ಲು ಈ ಎರಡು ಕಡೆ ಎರಡನೇ ಗೇರೇ ತಿರುವಿನ ತನಕ ಸಾಕಾಗ್ತಿತ್ತು. ಈಗ ಬೇಗ ಮುಗಿದು ಹೋಗುತ್ತೆ.”

“ಮೂರಕ್ಕೆ ಹಾಕಿದ ಕೂಡ್ಲೇ?”

“ನಿನ್ನೆಯಿಂದ ಅದನ್ನೇ ತಾನೆ ಬಡ್ಕೊಳ್ತಿರೋದು! ಸೂಜಿ ನಾಲ್ಕು ಸಾವಿರಕ್ಕೆ ಬೀಳುತ್ತೆ, ಎಂಜಿನ್ ಮಲಗುತ್ತೆ. ಹಳ್ಳಕ್ಕೆ ಬಿದ್ದ ಹಾಗೆ. ಮೊದ್ಲು ಮೂರು ಸಲ ಬೀಳ್ತಿದ್ದೆ, ನಿಮ್ಮ ದಯದಿಂದ ಈಗ ಐದು ಸಲ ಬೀಳ್ತಿದ್ದೀನಿ.”

ಭಾವ ಗೆರೆಯ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತ. ಹೆಂಡತಿ ಶಾಲೆಗೆ ಹೊರಟವಳು, ಕೊರಳಲ್ಲಿ ಸೀಟಿ ನೇತುಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.

“ನನಗೆ ನಿಮ್ಮ ಯಂತ್ರ ಅರ್ಥ ಆಗಲ್ಲ,” ಅಂದಳು. “ಒಂದು ಮಾತು ಕೇಳ್ತೀನಿ. ಏಣೀಲಿ ಒಂದು ಮೆಟ್ಟಿಲಿಂದ ಇನ್ನೊಂದು ಮೆಟ್ಟಿಲಿಗೆ ಕಾಲು ಎಟುಕ್ತಿಲ್ಲ ಅನ್ನಿ. ಆಗ ಪೂರಾ ಏಣೀನ ಒಂದಡಿ ಕೆಳಗಿಟ್ರೆ ಎಟುಕುತ್ತಾ?”

ಭಾವ ಅವಳನ್ನೇ ನೋಡಿದ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅಷ್ಟು ಹೊತ್ತು ನೋಡಿದ್ದು ಅದೇ ಮೊದಲಿರಬೇಕು.

“ಏನ್ರೀ, ಬೆಪ್ಪು ಪ್ರಶ್ನೆ ಕೇಳಿದ್ನಾ?”

“ಇಲ್ಲ ಕಣೇ. ಬೆಪ್ಪ ನಾನು. ಕ್ರೌನ್ ಅಂದ್ರೆ ಪೂರಾ ಏಣಿ. ನಾನು ಸರಿಮಾಡ್ಬೇಕಾಗಿದ್ದು ಮೂರನೇ ಮೆಟ್ಟಿಲನ್ನ. ಎರಡಕ್ಕೂ ಮೂರಕ್ಕೂ ನಡುವೆ ಇರೋ ದೂರಾನ.”

“ಹಾಗಾದ್ರೆ ಮೂರನೇ ಮೆಟ್ಟಿಲು ಬದಲಾಯ್ಸಿ. ನಂಗೆ ಬೆಲ್ ಹೊಡೆಯುತ್ತೆ,” ಎಂದು ಅವಳು ಹೋದಳು.

ಹೇಳುವುದು ಸುಲಭ. ಗೇರ್‌ಬಾಕ್ಸಿನೊಳಗೆ ಹೆಚ್ಚಿನ ಗೇರುಗಳು ಗಂಡ ಹೆಂಡಿರ ಹಾಗೆ ಜೋಡಿ: ಒಂದು ಮೇಲಿನ ಶಾಫ್ಟಿನಲ್ಲಿ, ಒಂದು ಕೆಳಗಿನದರಲ್ಲಿ. ಭಾವ ಅಂದೇ ಬಾಕ್ಸು ಇಳಿಸಿ, ಬಿಚ್ಚಿ, ಡಿಪೋದ ಪದ್ಧತಿಯಂತೆ ಒಂದು ಹಲ್ಲಿಗೆ ಸೀಮೆಸುಣ್ಣ ಹಚ್ಚಿ ಅಲ್ಲಿಂದ ಎಣಿಸಿದ. ಮೂರನೇ ಜೋಡಿಯಲ್ಲಿ ಮೇಲಿನದಕ್ಕೆ ಇಪ್ಪತ್ತನಾಲ್ಕು ಹಲ್ಲು, ಕೆಳಗಿನದಕ್ಕೆ ಇಪ್ಪತ್ತಾರು. ಎರಡೂ ಸೇರಿ ಐವತ್ತು.

“ಬೇರೆ ಯಾವ ಜೋಡಿ ತಂದ್ರೂ ಒಟ್ಟು ಐವತ್ತೇ ಇರ್ಬೇಕು,” ಎಂದು ನಾದಿನಿಗೆ ವಿವರಿಸಿದ. “ಎರಡು ಶಾಫ್ಟಿನ ನಡುವಿನ ಜಾಗ ಬದಲಾಗಲ್ವಲ್ಲ. ಇವನು ದಪ್ಪ ಆದ್ರೆ ಅವಳು ತೆಳ್ಳಗಾಗ್ಬೇಕು.”

“ಸಂಸಾರದಲ್ಲಿ ಉಲ್ಟಾ.”

“ನಿಮ್ಮಕ್ಕನ ಮುಂದೆ ಹೇಳು ನೋಡೋಣ.”

ಮೇಲೆ ಇಪ್ಪತ್ತಾರು, ಕೆಳಗೆ ಇಪ್ಪತ್ತನಾಲ್ಕು ಸಿಕ್ಕಿದರೆ ಸೂಜಿ ನಾಲ್ಕು ಸಾವಿರ ಏಳುನೂರರಲ್ಲಿ ನಿಲ್ಲುತ್ತದೆ ಎಂದಿತು ಲಕೋಟೆಯ ಲೆಕ್ಕ. ಎಂಜಿನ್ನು ಎಚ್ಚರವಾಗಿಯೇ ಇರುತ್ತದೆ. ಅಂಥ ಜೋಡಿ ಎಲ್ಲಿದೆ? ಹೊಸದಾಗಿ ಮಾಡಿಸಲು ವಾರವಲ್ಲ, ತಿಂಗಳು ಬೇಕು. ಇಡೀ ಮಂಗಳವಾರ ಭಾವ ಫೋನು ಹಿಡಿದು, ಹಳೆಯ ಸಹೋದ್ಯೋಗಿಗಳನ್ನೆಲ್ಲ ಕೇಳಿದ. ಅವರಲ್ಲೊಬ್ಬ, ಗೋಡೆಯ ಆಚೆಯ ಕ್ರೌನ್ ವಿಭಾಗದವನೇ, ಹೇಳಿದ: ಇದೇ ಕಾರಿನ ಗೇರ್‌ಬಾಕ್ಸನ್ನು ಅದೇ ಕಂಪನಿಯವರು ಸಾಮಾನು ಸಾಗಿಸುವ ವ್ಯಾನಿಗೂ ಹಾಕಿದ್ದರು, ಭಾರ ಎಳೆಯಲೆಂದು ಒಳಗೆ ಹಲ್ಲು ಬೇರೆ ಇಟ್ಟಿರಬಹುದು.

ಬುಧವಾರ ಮಧ್ಯಾಹ್ನ ಭಾವ, ನಾದಿನಿ ಇಬ್ಬರೂ ಗುಜರಿ ಅಂಗಡಿಯಲ್ಲಿದ್ದರು. ಅಂಗಡಿಯ ಒಡತಿ ಬಾಗಿಲಿಲ್ಲದ ಬಸ್ಸಿನ ಸೀಟಿನ ಮೇಲೆ ಕಾಲು ಚಾಚಿ ಕುಳಿತಿದ್ದಳು.

“ವ್ಯಾನಿನ ಬಾಕ್ಸಾ? ಅಗೋ, ಆ ಟಯರ್ ಗುಡ್ಡೆ ಹಿಂದೆ ಮೂರಿದೆ. ಹೊತ್ಕೊಂಡು ಹೋಗಿ.”

“ಹೊರೋ ಮೊದ್ಲು ಬಿಚ್ಚಿ ಹಲ್ಲು ಎಣಿಸ್ಬೇಕಮ್ಮ.”

“ಏನು ಎಣಿಸ್ಬೇಕು?”

“ಹಲ್ಲು.”

ಒಡತಿ ನಕ್ಕಳು. ಅವಳಿಗೆ ಮುಂದಿನ ನಾಲ್ಕು ಇರಲಿಲ್ಲ. “ಹಲ್ಲಿದ್ದೋರಿಗೆ ಕಡಲೆ ಇಲ್ಲ, ಕಡಲೆ ಇದ್ದೋರಿಗೆ ಹಲ್ಲಿಲ್ಲ ಅಂತಾರೆ. ನೀವ್ಯಾರಪ್ಪ, ಕಬ್ಬಿಣದ ಬಾಯೊಳಗೆ ಕೈ ಹಾಕೋರು? ಎಣಿಸ್ಕೊಳ್ಳಿ. ನಾನೂ ನೋಡ್ತೀನಿ.”

ಮೊದಲ ಬಾಕ್ಸಿನೊಳಗೆ ಎಣ್ಣೆಯ ಬದಲು ಕೆಸರಿತ್ತು, ಗೇರುಗಳು ತುಕ್ಕಿಗೆ ಅಂಟಿಕೊಂಡಿದ್ದವು. ಎರಡನೆಯದರ ಮೂರನೇ ಗೇರಿನಲ್ಲಿ ಎರಡು ಹಲ್ಲು ಮುರಿದಿದ್ದವು. ಮೂರನೆಯದರ ಮುಚ್ಚಳ ತೆಗೆದಾಗ ಕಪ್ಪು ಎಣ್ಣೆಯ ಒಳಗೆ ಹಲ್ಲುಗಳು ಮಿಂಚಿದವು. ಭಾವ ಸೀಮೆಸುಣ್ಣ ಹಚ್ಚಿ ಎಣಿಸಿದ. ನಾದಿನಿ ಎಣಿಸಿದಳು. ಒಡತಿಯೂ ಕನ್ನಡಕ ಏರಿಸಿಕೊಂಡು, ಬೆರಳಿಗೆ ಎಣ್ಣೆ ಹತ್ತಿಸಿಕೊಂಡು ಗಟ್ಟಿಯಾಗಿ ಎಣಿಸಿದಳು.

“ಇಪ್ಪತ್ತಾರು,” ಅಂದಳು. “ಕೆಳಗಡೇದು?”

“ಇಪ್ಪತ್ತನಾಲ್ಕು,” ಅಂದ ಭಾವ. ಎಣ್ಣೆಯ ಬೆರಳಲ್ಲೇ ಕಣ್ಣು ಒರೆಸಿಕೊಂಡ.

“ಅಷ್ಟಕ್ಕೇನು ಅಳು? ಒಯ್ಯಪ್ಪ.”

ಶುಕ್ರವಾರ ಸಂಜೆ ಐದಕ್ಕೆ ಕಾರು ಮತ್ತೆ ನೆಲಕ್ಕಿಳಿಯಿತು. ಹಳೆಯ ಕ್ರೌನು ವಾಪಸು ಕುಳಿತಿತ್ತು, ಮೀಟರು ಮತ್ತೆ ಸತ್ಯಸಂಧನಾಗಿತ್ತು. ಮೂರನೇ ಗೇರು ಕಳಚದಂತೆ ಹಿಡಿಯುವ ಕೀಲನ್ನು ಭಾವ ಮೂರು ಸಲ ಬಿಚ್ಚಿ ಮೂರು ಸಲ ಕೂರಿಸಿದ್ದ. ನಾದಿನಿ ಓಡಿಸಿಕೊಂಡು ಹೋಗಿ ಬಂದವಳು ಎಂಜಿನ್ ಆರಿಸದೆ ಕಿಟಕಿಯಿಂದ ತಲೆ ಹೊರಹಾಕಿದಳು.

“ಹಳ್ಳ ಇಲ್ಲ ಭಾವ. ಮೂರಕ್ಕೆ ಹಾಕಿದ್ದೇ ಗೊತ್ತಾಗಲ್ಲ. ಆದ್ರೆ ಮೂರು ಬೇಗ ಮುಗಿಯುತ್ತೆ.”

“ಮುಗಿಯುತ್ತೆ. ನೂರಕ್ಕೆ ಆರೂವರೆ ಸಾವಿರ ಆಗುತ್ತೆ. ಆಮೇಲೆ ನಾಲ್ಕಕ್ಕೆ ಹಾಕಿದ್ರೆ ಮತ್ತೆ ನಾಲ್ಕು ಸಾವಿರಕ್ಕೆ ಬೀಳ್ತೀಯ. ಹಳ್ಳ ಎಲ್ಲಿಗೂ ಹೋಗಿಲ್ಲ, ಮೂರಕ್ಕೂ ನಾಲ್ಕಕ್ಕೂ ನಡುವೆ ಮನೆ ಬದಲಾಯಿಸಿದೆ.”

“ಬೆಟ್ಟದಲ್ಲಿ ನಾಲ್ಕನೇ ಗೇರು ಯಾರಿಗೆ ಬೇಕು?”

ಬೇಕಾಯಿತು. ಭಾನುವಾರದ ಆಯ್ಕೆಯಲ್ಲಿ ಒಬ್ಬೊಬ್ಬರಿಗೆ ಎರಡೆರಡು ಓಟ. ಮೊದಲ ಓಟದಲ್ಲಿ ಕಾರು ಎಷ್ಟು ಚುರುಕಾಗಿತ್ತೆಂದರೆ, ನೀರಿನ ಟ್ಯಾಂಕಿನ ನೇರ ದಾರಿಯಲ್ಲಿ ಮೂರನೇ ಗೇರು ದಾರಿಗಿಂತ ಮೊದಲೇ ಮುಗಿಯಿತು. ನಾದಿನಿ ನಾಲ್ಕಕ್ಕೆ ಹಾಕಿದಳು, ಎಂಜಿನ್ನು ಮಲಗಿತು. ಎರಡು ನಿಮಿಷ, ಅರ್ಧ ಸೆಕೆಂಡು.

ಅರ್ಧ ಸೆಕೆಂಡಿಗೆ ಅಳುವ ಮಕ್ಕಳ ಕತೆ ಹೇಳಿದ್ದ ಹೆಂಡತಿ ಈಗ ತುಟಿ ಕಚ್ಚಿಕೊಂಡು ನಿಂತಿದ್ದಳು.

“ಎಷ್ಟು ದೂರ ಇದೆ, ಮೂರು ಮುಗಿದ್ಮೇಲೆ ತಿರುವಿನ ತನಕ?” ಎಂದು ಭಾವ ಕೇಳಿದ.

“ಇಲ್ಲಿಂದ ಆ ಹಳದಿ ಕಾರಿನ ತನಕ. ಮೂವತ್ತು ಹೆಜ್ಜೆ.”

“ಅಷ್ಟಕ್ಕೆ ಗೇರೇ ಬದಲಾಯಿಸ್ದೆ ಹೋದ್ರೆ?”

“ಸೂಜಿ ಏಳು ಸಾವಿರಕ್ಕೆ ಹೋಗುತ್ತೆ. ಆರೂವರೆಗಿಂತ ಮೇಲೆ ನಾನೇ ಒಂದಿನವೂ ಓಡ್ಸಿಲ್ಲ. ನಿಮ್ಮ ಬಾಕ್ಸು ತಡೆಯುತ್ತಾ?”

“ನಿನ್ನ ಎಂಜಿನ್ನು ತಡೆಯುತ್ತಾ?”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಇಬ್ಬರಿಗೂ ಗೊತ್ತಿರಲಿಲ್ಲ. ವಿಚಿತ್ರವೆಂದರೆ, ಭಯಕ್ಕಿಂತ ಮೊದಲು ಭಾವನಿಗೆ ಬಂದದ್ದು ಏನಾಗುತ್ತದೋ ನೋಡಬೇಕೆಂಬ ಆಸೆ. ಅದು ನಾದಿನಿಯ ಕಣ್ಣಿನಲ್ಲೂ ಇತ್ತು.

“ನೋಡೇಬಿಡೋಣ,” ಅಂದಳವಳು, ಹೆಲ್ಮೆಟ್ ಹಾಕಿಕೊಳ್ಳುತ್ತ.

ಎರಡನೆಯ ಓಟಕ್ಕೆ ಭಾವ ನೆತ್ತಿಯ ಮೇಲೆ ನಿಲ್ಲಲಿಲ್ಲ. ಇಳಿದು ಹೋಗಿ ನೀರಿನ ಟ್ಯಾಂಕಿನ ನೆರಳಿನಲ್ಲಿ, ರಸ್ತೆಗೆ ಬೆನ್ನು ಮಾಡಿ, ಕಣ್ಣು ಮುಚ್ಚಿಕೊಂಡು ನಿಂತ. ಕೆಳಗಿನ ತಿರುವುಗಳಿಂದ ದನಿ ಏರಿ ಬಂತು. ಎರಡು. ಮೂರು, ನಡುವೆ ಉಸಿರೂ ತಪ್ಪಲಿಲ್ಲ. ಬೆನ್ನ ಹಿಂದೆ ಗಾಳಿ ಸೀಳಿಕೊಂಡು ಹೋಯಿತು. ಗೇರು ಬದಲಾಗಬೇಕಾದ ಜಾಗ ಬಂತು, ದಾಟಿತು. ದನಿ ಇನ್ನೂ ಮೇಲೆ ಹೋಯಿತು, ಹಲ್ಲು ಜುಮ್ಮೆನ್ನುವಷ್ಟು ಮೇಲೆ. ಭಾವನ ಬಲಗೈ ತಾನಾಗಿಯೇ ಗಾಳಿಯಲ್ಲಿ ಗೇರಿನ ಗುಂಡನ್ನು ಹಿಡಿದು ಅದುಮಿತು, ಕಳಚದಿರಲೆಂದು. ಆಮೇಲೆ ಬ್ರೇಕಿನ ಸದ್ದು, ತಿರುವು. ಕಾರು ಇಡಿಯಾಗಿ ಅತ್ತ ಹೋಗಿತ್ತು.

ಉಳಿದ ಏರನ್ನು ಅವನು ಏದುಸಿರು ಬಿಡುತ್ತ ಓಡಿ ಹತ್ತಿದ.

“ಎಷ್ಟು?”

“ಮೊದ್ಲು ಕೂತ್ಕೊಳ್ಳಿ,” ಅಂದಳು ಹೆಂಡತಿ.

“ಎಷ್ಟೇ ಅಂದ್ರೆ!”

“ಒಂದು ಐವತ್ತೊಂಬತ್ತು. ಚಿಲ್ಲರೆ ಬೇಕಾ? ಚಿಲ್ಲರೆ ಒಂದು.”

“ಕ್ಲಬ್ಬಿನೋರ ಗಡಿಯಾರದಲ್ಲಿ?”

“ಅದೂ ನನ್ನ ಹೆಬ್ಬೆರಳಿಗೆ ಒಪ್ಪಿಗೆ ಕೊಟ್ಟಿದೆ.”

ನಾದಿನಿ ಕಾರಿಗೆ ಒರಗಿ ನಿಂತಿದ್ದಳು. “ಏಳು ಸಾವಿರದ ನೂರು ಮುಟ್ತು ಭಾವ.”

“ಕೇಳಿಸ್ತು. ಇನ್ನು ಮೇಲೆ ಹಾಗೆ ಓಡಿಸ್ಬೇಡ.”

“ಹಾಗಾದ್ರೆ ನಾಲ್ಕನೇದನ್ನೂ ಹತ್ರ ತನ್ನಿ.”

“ನಾಲ್ಕಕ್ಕೆ ಜೋಡೀನೇ ಇಲ್ಲ ಕಣಮ್ಮ. ಅದು ಒಂಟಿ, ಎಂಜಿನ್ನಿನ ಸುತ್ತು ನೇರವಾಗಿ ಹಿಂದಕ್ಕೆ ಹೋಗುತ್ತೆ. ಅದನ್ನ ಹತ್ರ ತರೋಕೆ…” ಭಾವ ಅಲ್ಲಿಗೇ ನಿಲ್ಲಿಸಿದ. ಹುಬ್ಬು ಗಂಟಾಯಿತು.

“ರೀ, ಇವತ್ತೂ ಬಿಳಿ ಅಂಗಿ!”

ಆದರೆ ಅವನು ಆಗಲೇ ಬೆನ್ನ ಮೇಲೆ ಜಾರಿ ಕಾರಿನಡಿಗೆ ಸೇರಿಯಾಗಿತ್ತು. ಬಿಸಿಯಾದ ಗೇರ್‌ಬಾಕ್ಸು ಮುಖದ ಮೇಲೆ ಟಿಕ್ ಟಿಕ್ ಎನ್ನುತ್ತ ತಣಿಯುತ್ತಿತ್ತು. ಅದರ ಮುಚ್ಚಳದ ಅಂಚಿನಿಂದ ಒಂದು ಹನಿ ಎಣ್ಣೆ ಜಿನುಗಿ, ತೂಗಾಡಿ, ಅವನ ಹಣೆಯ ಮೇಲೆ ಬಿತ್ತು. ಭಾವ ಅದನ್ನು ಬೆರಳಿಗೆ ತೆಗೆದುಕೊಂಡು ಹೆಬ್ಬೆರಳಿನಿಂದ ಉಜ್ಜಿ ನೋಡಿದ. ಲೋಹದ ಪುಡಿ ಎಲ್ಲೂ ಕೈಗೆ ಹತ್ತಲಿಲ್ಲ, ಎಣ್ಣೆ ನುಣ್ಣಗಿತ್ತು. ಅವನು ಎರಡನೆಯ ಹನಿಗೆ ಅಂಗೈ ಒಡ್ಡಿದ.